ಪಾಠ ತಲೆಯಲ್ಲಿ ಉಳಿಯಬೇಕಾ? ಮೊದಲು ಪುಸ್ತಕ ಮುಚ್ಚಿಸಿ

ಪಾಠ ಮುಗಿದ ಕೂಡಲೇ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ "ಆಯ್ತು ಮಿಸ್" ಅಂತಲೇ ಹೇಳುತ್ತಾರೆ. ಅದರ ಬದಲು ಪುಸ್ತಕ ಮುಚ್ಚಿಸಿ, ಒಂದು ಖಾಲಿ ಹಾಳೆ ಕೊಟ್ಟು, ನೆನಪಿರುವುದನ್ನೆಲ್ಲ ಬರೆಯಿರಿ ಅನ್ನಿ.

ನಮ್ಮ ಹಾಸನದ ಮಕ್ಕಳಿಗೆ ಹೊಯ್ಸಳರ ಪಾಠ ಮಾಡುವಾಗ ನಾನು ಮಾಡುವುದು ಇದನ್ನೇ. ಒಬ್ಬ ಹುಡುಗ "ಬೇಲೂರು, ವಿಷ್ಣುವರ್ಧನ" ಅಂತ ಬರೆದ, ಅಲ್ಲಿನ ದೇವಸ್ಥಾನದ ಇಸವಿ ಹೊಳೆಯದೆ ಬರೀ 11 ಅಂತ ಹಾಕಿ ಪೆನ್ಸಿಲ್ ತುದಿ ಕಚ್ಚುತ್ತಾ ಕೂತ. ಹೇಳಿಕೊಡಬೇಕು ಅಂತ ನನಗೆ ತುಂಬಾ ಅನ್ನಿಸಿತು, ಆದರೂ ಬಾಯಿ ಬಿಡಲಿಲ್ಲ. ಕೊನೆಗೆ 1117 ಅಂತ ಅವನೇ ಬರೆದ. ಆ ಒದ್ದಾಟದಲ್ಲೇ ಕಲಿಕೆ ಇರುವುದು. ನೆನಪನ್ನು ಹೊರಗೆ ಎಳೆದಾಗೆಲ್ಲ ಅದು ಗಟ್ಟಿಯಾಗುತ್ತದೆ. ಸುಮ್ನೆ ಮತ್ತೆ ಮತ್ತೆ ಓದಿದರೆ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ. ತಪ್ಪಿದ್ದರೆ ಆಗಲೇ ತಿದ್ದಿ. ಮಾರ್ಕ್ಸ್ ಮಾತ್ರ ಹಾಕಬೇಡಿ, ಹೆದರಿದ ಮಗುವಿಗೆ ಗೊತ್ತಿದ್ದದ್ದೂ ಮರೆಯುತ್ತದೆ ಅಲ್ವಾ?

ಇನ್ನು ಅಂತರ, ಅಂದರೆ ಎಷ್ಟು ದಿನ ಬಿಟ್ಟು ಮತ್ತೆ ನೆನಪಿಸಬೇಕು ಅನ್ನುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೇ ಪ್ರಯೋಗ ನಡೆಸಿ, 1885ರಲ್ಲಿ ಪ್ರಕಟಿಸಿದ: ಕಲಿತದ್ದು ಮೊದಲ ದಿನವೇ ಜಾಸ್ತಿ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ. ಹಾಗಾಗಿ ಅದೇ ಖಾಲಿ ಹಾಳೆಯನ್ನು ಮರುದಿನ ಕೊಡಿ, ಮೂರು ದಿನ ಬಿಟ್ಟು ಕೊಡಿ, ವಾರ ಬಿಟ್ಟು ಮತ್ತೆ ಕೊಡಿ. ಹತ್ತು ನಿಮಿಷ ಸಾಕು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಎಚ್ಚರ ಕೂರಿಸಬೇಡಿ, ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ.