ಮನೆಯಲ್ಲಿ ಸಿಗರೇಟ್ ತುಂಬುವ ಮೆಷಿನ್: ಮೊದಲು ತಂಬಾಕಿನ ಹದ ನೋಡಿ

ಕರೆಂಟಿನ ಸಿಗರೇಟ್ ಮೆಷಿನ್ ತಂದವರ ಬಾಯಲ್ಲಿ ಸ್ವಲ್ಪ ದಿನದಲ್ಲೇ ಬರುವ ದೂರು ಒಂದೇ: ‘ಇದು ಬರೀ ಸಿಕ್ಕಿಹಾಕಿಕೊಳ್ಳುತ್ತೆ, ಡಬ್ಬಾ ಮೆಷಿನ್ನು.’ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಮೆಷಿನ್ನಿಗೆ ಏನೂ ಆಗಿರುವುದಿಲ್ಲ. ಒಳಗೆ ಒದ್ದೆ ತಂಬಾಕು ಮುದ್ದೆಯಾಗಿ ಕೂತಿರುತ್ತದೆ, ಇಲ್ಲವೇ ಎಲೆಯ ದಂಟಿನ ಕಡ್ಡಿಯೊಂದು ಅಡ್ಡ ಬಿದ್ದಿರುತ್ತದೆ. ಸಿಕ್ಕಿಕೊಂಡಿತೆಂದು ಚಾಕು ಹಾಕಿ ಕೆದಕಿ, ನಿಜವಾಗಿಯೂ ಕೆಡಿಸಿಕೊಂಡವರು ನನ್ನ ಸುತ್ತಮುತ್ತಲೇ ಸಾಕಷ್ಟು ಜನ ಇದ್ದಾರೆ. ಅವರನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಹೇಳಲೇಬೇಕಾದ್ದು ಎರಡಿವೆ. ಕೈಯಾರೆ ತುಂಬಿದ ಸಿಗರೇಟು ಅಂಗಡಿಯದಕ್ಕಿಂತ ಆರೋಗ್ಯಕ್ಕೆ ವಾಸಿ ಎನ್ನುವುದು ಸುಳ್ಳು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಕನಿಷ್ಠ 70 ಕ್ಯಾನ್ಸರ್ ತರುವಂಥವು. ಎಲ್ಲಿ ತುಂಬಿದರೂ ಉರಿಯುವುದು ಅದೇ ಎಲೆ. ಸೇದದವರಿಗೆ ಈ ಲೇಖನ ಬೇಡ. ಬಿಡಬೇಕೆಂದು ಮನಸ್ಸು ಮಾಡಿದವರಿಗೆ 1800-11-2356 ರಾಷ್ಟ್ರೀಯ ಸಹಾಯವಾಣಿ ಇದೆ, ಕರೆ ಉಚಿತ.

ಇನ್ನೊಂದು, ಕಾನೂನು. ಇದು ಇ-ಸಿಗರೇಟ್ ಅಲ್ಲ. ಇ-ಸಿಗರೇಟನ್ನು ಮಾಡುವುದು, ಮಾರುವುದು, ತರಿಸುವುದು ದೇಶದಲ್ಲಿ 2019ರಿಂದ ನಿಷೇಧ. ನಾವು ಮಾತಾಡುತ್ತಿರುವುದು ಒಂದು ತುದಿಗೆ ಫಿಲ್ಟರ್ ಇರುವ ಖಾಲಿ ಕಾಗದದ ಟ್ಯೂಬಿಗೆ ತಂಬಾಕು ತುಂಬುವ ಮೆಷಿನ್ನಿನ ಬಗ್ಗೆ. ಹಾಗೆಂದು ತುಂಬಿದ್ದನ್ನು ಮಾರುವ ಯೋಚನೆ ಬೇಡ. ಚಿತ್ರಸಹಿತ ಎಚ್ಚರಿಕೆ ಇಲ್ಲದ ಸಿಗರೇಟು ಮಾರುವುದು ಅಪರಾಧ, ಬಿಡಿ ಸಿಗರೇಟು ಮಾರುವುದಕ್ಕೂ ಕರ್ನಾಟಕದಲ್ಲಿ ಅವಕಾಶವಿಲ್ಲ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.

ಮೆಷಿನ್ ಯಾವುದು?

ಎರಡು ಥರ ಇವೆ. ಒಂದರಲ್ಲಿ ತಿರುಗುವ ಸ್ಕ್ರೂ ತಂಬಾಕನ್ನು ತಳ್ಳಿಕೊಂಡು ಹೋಗಿ ನೇರವಾಗಿ ಟ್ಯೂಬಿಗೆ ತುಂಬುತ್ತದೆ. ಚಿಕ್ಕದು, ಅಗ್ಗದ್ದು. ಆದರೆ ಸ್ಕ್ರೂ ಎಳೆಗಳನ್ನು ಕತ್ತರಿಸಿ ಪುಡಿ ಮಾಡುತ್ತದೆ. ಇನ್ನೊಂದರಲ್ಲಿ ತಂಬಾಕು ಮೊದಲು ಉದ್ದನೆಯ ಚೇಂಬರಿಗೆ ಬಿದ್ದು, ಒತ್ತಿಸಿಕೊಂಡು ಕೋಲಾಗುತ್ತದೆ. ಆಮೇಲೆ ಚಮಚದಂಥ ಉದ್ದನೆಯ ತಗಡು ಅದನ್ನು ಹೊತ್ತು ಟ್ಯೂಬಿನೊಳಗೆ ಹೋಗಿ, ತಂಬಾಕನ್ನು ಬಿಟ್ಟು, ಖಾಲಿ ಹಿಂದೆ ಬರುತ್ತದೆ. ನನ್ನ ಸಲಹೆ ಕೇಳಿದರೆ ಚಮಚದ್ದನ್ನೇ ಕೊಳ್ಳಿ. ಬೆಲೆ ಹೆಚ್ಚು, ಸದ್ದೂ ಹೆಚ್ಚು, ಆದರೆ ತುಂಬುವುದು ಸಮನಾಗಿರುತ್ತದೆ. ಮುಂದೆ ಹೇಳುವುದೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು.

ಅಮೆರಿಕದಿಂದ ಮಗನೋ ಭಾವಮೈದುನನೋ ತಂದುಕೊಟ್ಟ ಮೆಷಿನ್ ಆಗಿದ್ದರೆ ಪ್ಲಗ್ಗಿಗೆ ಹಾಕುವ ಮೊದಲು ಅಡಿಯಲ್ಲಿರುವ ಚೀಟಿ ಓದಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಎರಡು ಪಿನ್ನನ್ನು ಮೂರು ಮಾಡುವ ಅಗ್ಗದ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಮೋಟಾರ್ ಸುಟ್ಟುಹೋಗಬಹುದು. ಚೀಟಿಯಲ್ಲಿ 100-240 ಎಂದಿದ್ದರೆ ಚಿಂತೆ ಇಲ್ಲ. ಬರೀ 110 ಅಥವಾ 120 ಎಂದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಮೆಷಿನ್ ಮೇಲೆ ಬರೆದಿರುವ ವ್ಯಾಟಿಗಿಂತ ಟ್ರಾನ್ಸ್‌ಫಾರ್ಮರಿನದು ಧಾರಾಳವಾಗಿ ಹೆಚ್ಚಿರಬೇಕು, ಮೋಟಾರ್ ಶುರುವಾಗುವಾಗ ಹೆಚ್ಚು ಕರೆಂಟು ಎಳೆಯುತ್ತದೆ.

ಟ್ಯೂಬಿನಲ್ಲಿ ಕಿಂಗ್ ಸೈಜ್ ಎಂದರೆ 84 ಮಿಲಿಮೀಟರ್, ಉದ್ದನೆಯದು 100. ನಿಮ್ಮ ಮೆಷಿನ್ ಯಾವುದಕ್ಕೆ ಹೊಂದಿಸಿದೆಯೋ ಅದನ್ನೇ ತನ್ನಿ. ಕಾಗದದ ಅಂಟಿನ ಗೆರೆ ಅಲ್ಲಲ್ಲಿ ಬಿಟ್ಟುಕೊಂಡಿರುವ ಅಗ್ಗದ ಟ್ಯೂಬುಗಳನ್ನು ಮುಟ್ಟಲೇಬೇಡಿ, ಎಷ್ಟು ನಾಜೂಕಾಗಿ ತುಂಬಿದರೂ ಹರಿಯುತ್ತವೆ.

ತಂಬಾಕು ಉದ್ದ ಎಳೆಯದ್ದಿರಬೇಕು. ನಿಪ್ಪಾಣಿ ಕಡೆಯ ಬೀಡಿ ತಂಬಾಕನ್ನು ಹಾಕಿ ನೋಡೋಣ ಎಂದು ಹೊರಟವರನ್ನು ಕಂಡಿದ್ದೇನೆ. ಅದು ಪುಡಿ, ಬೀಡಿ ಎಲೆಯಲ್ಲಿ ಕೈಯಿಂದ ಸುತ್ತುವುದಕ್ಕೆ ಮಾಡಿದ್ದು. ಚೇಂಬರಿನ ಸಂದಿಯಲ್ಲೆಲ್ಲ ಸುರಿದು ಮೆಷಿನ್ ನಿಲ್ಲಿಸುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ಜಾತಿ, ಬ್ಯಾರನ್ನಿನಲ್ಲಿ, ಅಂದರೆ ಎಲೆ ಒಣಗಿಸುವ ಮನೆಯಲ್ಲಿ, ಬಿಸಿಗಾಳಿಗೆ ಹದಗೊಳಿಸಿದ್ದು. ಊರಿಂದ ಇಡೀ ಎಲೆ ತಂದು ಕತ್ತರಿಯಲ್ಲಿ ಕತ್ತರಿಸುವವರೂ ಇದ್ದಾರೆ. ನಡುವಿನ ದಂಟು ತೆಗೆದರೂ ಕೈಯಲ್ಲಿ ಕತ್ತರಿಸಿದ ಎಳೆ ಒಂದು ದಪ್ಪ ಒಂದು ತೆಳು ಆಗುತ್ತದೆ. ಮೆಷಿನ್ನಿಗೆಂದೇ ಕತ್ತರಿಸಿದ ಪೊಟ್ಟಣದ ತಂಬಾಕೇ ಸರಿ.

ಹದ

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಪೊಟ್ಟಣದ ತಂಬಾಕು ಸಾಮಾನ್ಯವಾಗಿ ಕೈಯಲ್ಲಿ ಸುತ್ತುವವರಿಗಾಗಿ ತುಸು ಒದ್ದೆಯಾಗಿಯೇ ಬರುತ್ತದೆ. ಮೆಷಿನ್ನಿಗೆ ಅಷ್ಟು ತೇವ ಆಗದು. ಅದರ ಮೇಲೆ ಬೆಂಗಳೂರಿನ ಹವೆ. ಜುಲೈ-ಆಗಸ್ಟ್ ಮಳೆಯಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಮಾರ್ಚ್ ಮಧ್ಯಾಹ್ನ ಅದೇ ಪೊಟ್ಟಣ ಗಂಟೆಯೊಳಗೆ ಗರಿಗರಿ. ಹಾಗಾಗಿ ಹೋದ ತಿಂಗಳ ಅಂದಾಜು ಈ ತಿಂಗಳಿಗೆ ನಡೆಯುವುದಿಲ್ಲ, ಪ್ರತಿ ಸಲವೂ ಕೈಯಲ್ಲಿ ನೋಡಲೇಬೇಕು.

ನೋಡುವುದು ಹೀಗೆ. ಒಂದು ಚಿಟಿಕೆಯಲ್ಲ, ಒಂದು ಹಿಡಿ ತೆಗೆದುಕೊಳ್ಳಿ. ಮುಷ್ಟಿ ಬಿಗಿಯಾಗಿ ಹಿಡಿದು, ಐದು ಎಣಿಸಿ, ಬಿಡಿ. ಮುದ್ದೆ ಹಾಗೇ ಉಳಿದು ಅಂಗೈಗೆ ಅಂಟಿತೋ, ಒದ್ದೆ. ಹಿಡಿಯುವಾಗಲೇ ಚುರುಚುರು ಸದ್ದಾಗಿ ಬೆರಳ ಸಂದಿಯಿಂದ ಪುಡಿ ಬಿತ್ತೋ, ಒಣಗಿದೆ. ಬಿಟ್ಟ ಮೇಲೆ ಮುದ್ದೆ ಒಂದೆರಡು ಕ್ಷಣ ನಿಂತು, ತಾನಾಗಿ ನಿಧಾನಕ್ಕೆ ಅರಳಿ ಉದುರುದುರಾದರೆ ಹದ ಬಂದಿದೆ. ಆಗ ಒಂದು ಎಳೆ ಹಿಡಿದು ಬಾಗಿಸಿ. ಮುರಿಯದೆ ಬಾಗಬೇಕು, ಬೆರಳಿಗೆ ತಂಪು ಹತ್ತಬಾರದು. ಆ ತಂಪು ಗೊತ್ತಾಗುತ್ತಿದೆ ಎಂದರೆ ಇನ್ನೂ ನೀರಿದೆ.

ಒದ್ದೆಯಾಗಿದ್ದರೆ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ನೆರಳಲ್ಲಿಡಿ. ಹತ್ತು ನಿಮಿಷಕ್ಕೊಮ್ಮೆ ಕೈಯಾಡಿಸಿ, ಮತ್ತೆ ಮುಷ್ಟಿ ಹಿಡಿದು ನೋಡಿ. ಬಿಸಿಲು ಬೇಡ, ಫ್ಯಾನಿನ ಕೆಳಗೂ ಬೇಡ, ಮೇಲಿನ ಎಳೆ ಒಣಗಿ ಅಡಿಯದು ಹಸಿಯಾಗೇ ಉಳಿಯುತ್ತದೆ. ಮೈಕ್ರೋವೇವಿನಲ್ಲಿ ಅರ್ಧ ನಿಮಿಷ ಇಟ್ಟರೆ ಆಯಿತು ಎಂದು ಹೇಳಿಕೊಡುವವರಿದ್ದಾರೆ. ಅದರಲ್ಲಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಬೆವರುತ್ತದೆ, ಘಮವೂ ಹೋಗುತ್ತದೆ.

ಒಣಗಿದ್ದರೆ ಕಿತ್ತಳೆ ಸಿಪ್ಪೆ, ಆಲೂಗಡ್ಡೆ ಹೋಳು ಹಾಕಿಡುವುದು ಹಳೆಯ ಉಪಾಯ. ದಯವಿಟ್ಟು ಬೇಡ. ನಮ್ಮ ಹವೆಯಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬಂದ ತಂಬಾಕನ್ನು ಪೂರ್ತಿ ಎಸೆಯಬೇಕಾಗುತ್ತದೆ. ಬಣ್ಣ ಹಚ್ಚದ ಮಣ್ಣಿನ ಹಣತೆಯೊಂದನ್ನು ಹದಿನೈದು ನಿಮಿಷ ಶುದ್ಧ ನೀರಲ್ಲಿ ನೆನೆಸಿ, ಹೊರಗಿನ ನೀರು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತಂಬಾಕಿನ ಡಬ್ಬದಲ್ಲಿ ಮೇಲೆ ಇಟ್ಟು ಮುಚ್ಚಿ. ಒಂದು ರಾತ್ರಿ ಸಾಕು. ಬೆಳಗ್ಗೆ ಹಣತೆ ತೆಗೆದುಬಿಡಿ. ನೀರು ಚಿಮುಕಿಸುವ ಅವಸರ ಮಾಡಿದರೆ ಅಲ್ಲಲ್ಲಿ ಗಂಟುಗಳಾಗುತ್ತವೆ.

ಲೆಕ್ಕ ಬೇಕೆನ್ನುವವರಿಗೆ: ಸಿಗರೇಟು ಪರೀಕ್ಷಿಸುವ ಪ್ರಯೋಗಾಲಯಗಳು ಅದನ್ನು ಇಡುವುದು 22 ಡಿಗ್ರಿ ಉಷ್ಣತೆ, ಶೇ 60 ಆರ್ದ್ರತೆಯಲ್ಲಿ. ಆರ್ದ್ರತೆ ತೋರಿಸುವ ಸಣ್ಣ ಮೀಟರನ್ನು ಡಬ್ಬದೊಳಗೆ ಹಾಕಿ, 60ರ ಆಸುಪಾಸಿನಲ್ಲಿದ್ದರೆ ತುಂಬಲು ಕೂರಬಹುದು.

ತುಂಬುವುದು

ಹದ ಬಂದ ತಂಬಾಕನ್ನು ತಟ್ಟೆಯಲ್ಲಿ ಬೆರಳಾಡಿಸಿ ಬಿಡಿಸಿ. ಶಾವಿಗೆ ಉಪ್ಪಿಟ್ಟಿನ ಹಾಗೆ ಉದುರಾಗಬೇಕು. ಬಿಡಿಸುವಾಗಲೇ ಕಡ್ಡಿಗಳನ್ನು ಆರಿಸಿ ತೆಗೆಯಿರಿ. ಬೇಸರದ ಕೆಲಸವೇ, ಆದರೆ ಟ್ಯೂಬು ಹರಿಯುವುದಕ್ಕೂ ಮೋಟಾರ್ ನಿಲ್ಲುವುದಕ್ಕೂ ಮುಖ್ಯ ಕಾರಣ ಈ ಕಡ್ಡಿಗಳು.

ಈಗ ಮೇಲಿನ ತೊಟ್ಟಿಗೆ ಹಾಕಿ. ಎಲ್ಲರೂ ಮಾಡುವ ತಪ್ಪು ಮಧ್ಯಕ್ಕೆ ಗುಡ್ಡೆ ಹಾಕಿ ಹೆಬ್ಬೆರಳಲ್ಲಿ ಅದುಮುವುದು. ಹಾಗೆ ಮಾಡಿದ ಸಿಗರೇಟಿನ ಹೊಟ್ಟೆ ಗಟ್ಟಿ, ಎರಡು ತುದಿ ಟೊಳ್ಳು. ಮೊದಲು ಎರಡು ತುದಿಗಳಿಗೆ ಹಾಕಿ, ಆಮೇಲೆ ಮಧ್ಯಕ್ಕೆ. ಮಧ್ಯದ್ದಕ್ಕಿಂತ ತುದಿಯದು ಒಂದು ಕೂದಲಷ್ಟು ಹೆಚ್ಚಿರಲಿ. ಅದುಮಬೇಡಿ, ಬೆರಳ ತುದಿಯಿಂದ ಸವರಿ ಸಮ ಮಾಡಿದರೆ ಸಾಕು, ಒತ್ತುವ ಕೆಲಸ ಮೆಷಿನ್ನಿನದು. ಕಿಂಗ್ ಸೈಜಿಗೆ ಮುಕ್ಕಾಲು ಗ್ರಾಮಿನಿಂದ ಒಂದು ಗ್ರಾಮಿನೊಳಗೆ ಹಿಡಿಯುತ್ತದೆ.

ಟ್ಯೂಬನ್ನು ಮೂತಿಗೆ ತೊಡಿಸುವಾಗ ತುದಿ ಮುದುಡದಂತೆ ನೇರವಾಗಿ, ಕೊನೆಯವರೆಗೂ ತಳ್ಳಿ. ಬಟನ್ ಒತ್ತಿ. ಕೈ ಬಿಡಿ. ಚಮಚ ಒಳಗಿರುವಾಗ ಟ್ಯೂಬನ್ನು ಹಿಡಿದೆಳೆದರೆ ಹರಿಯುವುದು ಖಂಡಿತ.

ಮೊದಲು ಬಂದ ಎರಡು-ಮೂರನ್ನು ಚೆನ್ನಾಗಿ ನೋಡಿ. ತುದಿಯ ತಂಬಾಕು ಉದುರುತ್ತಿದ್ದರೆ ತುದಿಗೆ ಕಡಿಮೆ ಬಿದ್ದಿದೆ. ಫಿಲ್ಟರಿನ ಹಿಂದೆ ಖಾಲಿ ಕಂಡರೆ ಆ ಬದಿಗೆ ಕಡಿಮೆಯಾಗಿದೆ. ಫಿಲ್ಟರ್ ಹತ್ತಿರವೇ ಕಾಗದ ಸೀಳಿದ್ದರೆ ಒಂದೋ ಹೆಚ್ಚು ತುಂಬಿದ್ದೀರಿ, ಇಲ್ಲವೇ ತಂಬಾಕು ಒದ್ದೆ. ಟ್ಯೂಬೇ ಹಾರಿ ಬಿದ್ದರೆ ಮೂತಿಯ ಮೇಲಿನ ಹಿಡಿತ ಸಡಿಲವಾಗಿದೆ, ಅದನ್ನು ಒರೆಸಿ ನೋಡಿ, ಸವೆದಿದ್ದರೆ ಬದಲಿಸಿ. ಬಿಗಿ ಹೆಚ್ಚಿಸುವ ಗುಂಡಿ ಇದ್ದರೆ ಅದನ್ನು ಮುಟ್ಟುವುದು ಕೊನೆಗೆ. ಹದ ಸರಿಯಿಲ್ಲದಾಗ ಆ ಗುಂಡಿ ತಿರುಗಿಸಿದಷ್ಟೂ ಕಷ್ಟ ಹೆಚ್ಚು.

ಸಿಕ್ಕಿಕೊಂಡರೆ ಮತ್ತೆ ಮತ್ತೆ ಬಟನ್ ಒತ್ತಬೇಡಿ. ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರಷ್ಟೇ ಸಾಲದು. ತೊಟ್ಟಿ ಖಾಲಿ ಮಾಡಿ, ಬ್ರಶ್‌ನಿಂದ ಸಡಿಲಿಸಿ, ಉಳಿದದ್ದನ್ನು ಮರದ ಕಡ್ಡಿಯಲ್ಲಿ ತೆಗೆಯಿರಿ. ಚಾಕು, ಸ್ಕ್ರೂಡ್ರೈವರ್ ಹಾಕಿದರೆ ಚಮಚದ ಅಂಚಿಗೆ ಗೀರು ಬೀಳುತ್ತದೆ, ಆಮೇಲೆ ಆ ಗೀರೇ ಪ್ರತಿ ಟ್ಯೂಬನ್ನೂ ಸೀಳುತ್ತದೆ.

ಮುಗಿದ ಮೇಲೆ ಒಣ ಬ್ರಶ್‌ನಿಂದ ಗುಡಿಸಿಡಿ. ಸರಾಗವಾಗಿ ಓಡಲಿ ಎಂದು ಚೇಂಬರಿಗೆ ಕೊಬ್ಬರಿ ಎಣ್ಣೆ ಸವರುವುದನ್ನು ನೋಡಿದ್ದೇನೆ. ಎಣ್ಣೆಗೆ ಪುಡಿ ಅಂಟಿ ಸ್ವಲ್ಪ ದಿನದಲ್ಲೇ ಕಪ್ಪು ಮೇಣವಾಗುತ್ತದೆ. ತುಂಬಿದ್ದನ್ನು ಬಿಗಿಯಾಗಿ ಮುಚ್ಚುವ ಡಬ್ಬದಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಚಿಕ್ಕ ಮಗು ಒಂದನ್ನು ಬಾಯಿಗೆ ಹಾಕಿಕೊಂಡರೂ ನಿಕೋಟಿನ್ ವಿಷವೇ. ನೆಲಕ್ಕೆ ಬಿದ್ದ ಎಳೆಗಳನ್ನು ಆಗಲೇ ಗುಡಿಸಿ, ಸೋಪು ಹಾಕಿ ಕೈ ತೊಳೆದುಕೊಂಡೇ ಬೇರೆ ಕೆಲಸಕ್ಕೆ ಕೈ ಹಾಕಿ.