ಸಂಗಾತಿಯನ್ನು ಕೆನಡಾಕ್ಕೆ ಕರೆಸಿಕೊಳ್ಳುವುದು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ನಮ್ಮ ಅತ್ತೆಗೆ ಇದೊಂದು ತಮಾಷೆಯ ಮಾತಾಗಿತ್ತು. “ಗಂಡ ಹೆಂಡ್ತೀಗಿ ಕರ್ಕೊಂಡು ಹೋಗೋದು ಕೇಳೀವಿ. ನಮ್ಮ ಸ್ವಸಿ ಗಂಡಗೇ ಕರಸ್ಕೊಳ್ಳಿಕತ್ತಾಳ ನೋಡ್ರಿ” ಎಂದು ಓಣಿಯವರ ಮುಂದೆ ಹೇಳಿ ನಗುತ್ತಿದ್ದರು. ನಾನು ಕೆನಡಾದ ಬ್ರಾಂಪ್ಟನ್‌ನಲ್ಲಿ ಪಿಆರ್ (ಅಲ್ಲೇ ಕಾಯಂ ಇರುವ ಅನುಮತಿ) ಮೇಲೆ ಇದ್ದೆ, ನನ್ನವರು ಕಲಬುರಗಿಯಲ್ಲಿ. ಮದುವೆಗೆ ಎಂಟುನೂರು ಜನ ಉಂಡು ಹೋಗಿದ್ದರು. ಆದರೂ ಅದು ನಿಜವಾದ ಮದುವೆ ಎಂದು ಗುರುತು ಪರಿಚಯ ಇಲ್ಲದ ಒಬ್ಬ ಅಧಿಕಾರಿಗೆ ಕಾಗದದಲ್ಲಿ ತೋರಿಸುವಷ್ಟರಲ್ಲಿ ನಮಗೆ ಬೆವರಿಳಿಯಿತು.

ಈಗ ನಮ್ಮ ಕಡೆಯವರು ಯಾರಾದರೂ ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: “ಸಂಬಳ ಎಷ್ಟಿರಬೇಕ್ರಿ?” ಅಪ್ಪ ಅಮ್ಮನನ್ನು ಸ್ಪಾನ್ಸರ್ ಮಾಡುವುದಕ್ಕೆ, ಅಂದರೆ ಅವರ ಜವಾಬ್ದಾರಿ ಹೊತ್ತು ಕರೆಸಿಕೊಳ್ಳುವುದಕ್ಕೆ, ಆದಾಯದ ಮಿತಿ ಇದೆ. ಗಂಡ ಹೆಂಡತಿಗೆ ಸಾಮಾನ್ಯವಾಗಿ ಅಂಥ ಮಿತಿ ಇಲ್ಲ. ನಿಮಗೆ 18 ತುಂಬಿರಬೇಕು, ಕೆನಡಾದ ಪೌರತ್ವ ಅಥವಾ ಪಿಆರ್ ಇರಬೇಕು. ಸರ್ಕಾರದ ಸೋಷಿಯಲ್ ಅಸಿಸ್ಟೆನ್ಸ್ ತೆಗೆದುಕೊಳ್ಳುತ್ತಿರಬಾರದು. ಅಂಗವೈಕಲ್ಯಕ್ಕಾಗಿ ಸಿಗುವ ನೆರವಾದರೆ ತೊಂದರೆ ಇಲ್ಲ. ಕೆಲಸ ಹೋಗಿ ಇಐ (ನಿರುದ್ಯೋಗ ವಿಮೆಯ ಹಣ) ಬರುತ್ತಿದ್ದರೂ ಪರವಾಗಿಲ್ಲ, ಅದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಮೇಲೆ ಇರುವವರು ಸ್ಪಾನ್ಸರ್ ಮಾಡುವಂತಿಲ್ಲ. ನಿಶ್ಚಯ ಆಗಿದೆ, ಮದುವೆ ಆಗಿಲ್ಲ ಎನ್ನುವವರಿಗೂ ದಾರಿ ಇಲ್ಲ. ಮೊದಲು ಅಕ್ಕಿಕಾಳು ಬೀಳಲಿ.

ಪಿಆರ್ ಮೇಲೆ ಇರುವವರು ಅರ್ಜಿ ಮುಗಿಯುವವರೆಗೂ ಕೆನಡಾದಲ್ಲೇ ವಾಸವಿರಬೇಕು. ರಜೆ ಹಾಕಿ ಊರಿಗೆ ಹೋಗಿ ಬರಬಹುದು. ಆದರೆ ಕೆಲಸ ಬಿಟ್ಟು, ಬಾಡಿಗೆ ಮನೆ ಖಾಲಿ ಮಾಡಿ, “ಹೆಂಡತಿ ಪೇಪರ್ ಬರುವವರೆಗೆ ಇಲ್ಲೇ ಇರ್ತೀನಿ” ಎಂದು ಊರಲ್ಲಿ ಕೂತರೆ ಅರ್ಜಿಯೇ ಬಿದ್ದುಹೋಗಬಹುದು. ಪೌರತ್ವ ಇರುವವರು ಭಾರತದಲ್ಲಿದ್ದುಕೊಂಡೂ ಅರ್ಜಿ ಹಾಕಬಹುದು. ಸಂಗಾತಿಗೆ ಪಿಆರ್ ಸಿಕ್ಕ ಮೇಲೆ ಕೆನಡಾದಲ್ಲಿ ಇರುತ್ತೇವೆ ಎಂದು ತೋರಿಸಿದರೆ ಆಯಿತು. ಇನ್ನು ನೀವೇ ಒಮ್ಮೆ ಸಂಗಾತಿಯ ಸ್ಪಾನ್ಸರ್ ಮೇಲೆ ಬಂದವರಾದರೆ, ನಿಮಗೆ ಪಿಆರ್ ಆಗಿ ಐದು ವರ್ಷ ಕಳೆಯುವವರೆಗೆ ಇನ್ನೊಬ್ಬ ಸಂಗಾತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ.

ಒಂದು ಗುಂಡಿ ಇದೆ, ಓದಿದವರೇ ಅದರಲ್ಲಿ ಬೀಳುತ್ತಾರೆ. ಹುಡುಗ ಒಬ್ಬಂಟಿ ಎಂದು ಪಿಆರ್‌ಗೆ ಅರ್ಜಿ ಹಾಕುತ್ತಾನೆ. ಅದು ನಡೆಯುತ್ತಿರುವಾಗಲೇ ಮನೆಯವರು ಮದುವೆ ಮಾಡಿಬಿಡುತ್ತಾರೆ. ಈಗ ಹೇಳಿದರೆ ತಡ ಆಗುತ್ತದೆ, ಮೊದಲು ಕಾರ್ಡ್ ಬರಲಿ ಎಂದು ಅವನು ಸುಮ್ಮನಿರುತ್ತಾನೆ. ಪಿಆರ್ ಆಗುವ ದಿನಕ್ಕೆ ಮೊದಲೇ ಮದುವೆ ಆಗಿದ್ದು, ಅದನ್ನು ತಿಳಿಸದೆ, ಸಂಗಾತಿಯ ತಪಾಸಣೆ ಆಗದೆ ಹೋದರೆ ಮುಂದೆ ಆ ಸಂಗಾತಿಯನ್ನು ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವುದಕ್ಕೇ ಅಡ್ಡಿ. ನಿಯಮದ ಹೆಸರು 117(9)(ಡಿ). ಮರೆತಿದ್ದೆ, ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ನಿಮ್ಮದು ಇಂಥ ಕಥೆಯಾದರೆ ಮುಂದೆ ಓದುವುದು ಬಿಟ್ಟು ಇಮಿಗ್ರೇಶನ್ ವಕೀಲರನ್ನು ನೋಡಿ.

ಈಗ ಮದುವೆಯ ಕಾಗದ. ಶರಣಬಸವೇಶ್ವರ ಗುಡಿಯಲ್ಲಿ ಆಗಲಿ, ಕಲ್ಯಾಣ ಮಂಟಪದಲ್ಲಿ ಆಗಲಿ, ಗುಡಿಯವರು ಕೊಟ್ಟ ಚೀಟಿ ನೆಚ್ಚಿಕೊಂಡು ಕೂರಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಹಿಂದೂ ಮದುವೆಯ ಅರ್ಜಿಯನ್ನು ಈಗ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆನ್‌ಲೈನ್‌ನಲ್ಲೂ ಹಾಕಬಹುದು. ಲಗ್ನಪತ್ರಿಕೆ ಕನ್ನಡದಲ್ಲಿದ್ದರೆ, ನಿಕಾಹ್‌ನಾಮಾ ಉರ್ದುವಿನಲ್ಲಿದ್ದರೆ, ಇಂಗ್ಲಿಷ್ ಇಲ್ಲವೇ ಫ್ರೆಂಚ್ ಅನುವಾದ ಬೇಕು, ಜೊತೆಗೆ ಅನುವಾದ ಮಾಡಿದವರ ಅಫಿಡವಿಟ್. ಮನೆಯವರು ಅನುವಾದ ಮಾಡುವಂತಿಲ್ಲ. ನಮ್ಮ ಪತ್ರಿಕೆಯಲ್ಲಿ ಸುಖಾಗಮನ ಬಯಸುವವರೇ ನಲವತ್ತು ಜನ. ಅನುವಾದಕರು ಅಷ್ಟೂ ಹೆಸರು ಇಂಗ್ಲಿಷಿಗೆ ಇಳಿಸಿ, ಪುಟದ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡರು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಗಲ್ಫ್‌ಗೆ ಹೋದವರಿದ್ದಾರೆ, ರಜೆ ಸಿಗದೆ ಫೋನಿನ ಮೇಲೆ ನಿಕಾಹ್ ಮಾಡಿಕೊಂಡವರೂ ಇದ್ದಾರೆ. ಧರ್ಮದ ಪ್ರಕಾರ ಅದು ಸರಿಯೋ ಅಲ್ಲವೋ, ಆ ಚರ್ಚೆ ಇಲ್ಲಿ ಬೇಡ. ಕೆನಡಾ ಮಾತ್ರ 2015ರ ಜೂನ್ 11ರಿಂದ ಫೋನ್, ಇಂಟರ್‌ನೆಟ್, ಬದಲಿ ಆಳು ಕೂತು ಆದ ಮದುವೆಯನ್ನು ಇಮಿಗ್ರೇಶನ್‌ಗೆ ಒಪ್ಪುವುದಿಲ್ಲ. ಅಲ್ಲಿನ ಸೈನಿಕರಿಗಷ್ಟೇ ವಿನಾಯಿತಿ. ಮದುವೆಯ ಹೊತ್ತಿಗೆ ಇಬ್ಬರೂ ಒಂದೇ ಜಾಗದಲ್ಲಿ ಇರಬೇಕು.

ಇನ್ನು ಸೋದರ ಸಂಬಂಧ. ಇಲ್ಲಿ ನನ್ನ ಕಥೆ ಹೇಳಲೇಬೇಕು. ನಮ್ಮ ಅತ್ತೆ ಅಂದರೆ ನಮ್ಮಪ್ಪನ ತಂಗಿಯೇ. ಕಲಬುರಗಿಯ ಒಬ್ಬ ಏಜೆಂಟ್, “ಮೇಡಂ, ಇದನ್ನೆಲ್ಲಾ ಬರೀಬ್ಯಾಡ್ರಿ. ಮ್ಯಾಟ್ರಿಮೋನಿಯಲ್ಲಿ ಪರಿಚಯ ಆಯ್ತು ಅಂತ ಹಾಕೋಣ, ಅವ್ರಿಗಿ ಇದು ತಿಳಿಯಂಗಿಲ್ಲ” ಎಂದ. ಒಂದು ರಾತ್ರಿ ನಾನೂ ತಲೆ ಆಡಿಸಿದ್ದೆ. ಬೆಳಿಗ್ಗೆ ಎದ್ದು ಕಾನೂನು ತೆಗೆದು ನೋಡಿದೆ. ಕೆನಡಾದ 1990ರ ಕಾನೂನು ತಡೆಯುವುದು ತಂದೆ ತಾಯಿ ಮಕ್ಕಳು ಮೊಮ್ಮಕ್ಕಳ ನೇರ ಸಾಲನ್ನು, ಮತ್ತು ಅಣ್ಣ ತಂಗಿ ಸಂಬಂಧವನ್ನು ಮಾತ್ರ. ಸೋದರತ್ತೆ ಮಗ, ಅಕ್ಕನ ಮಗಳು ಅದರಲ್ಲಿ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯೂ ರೂಢಿ ಇರುವಲ್ಲಿ ಇದನ್ನು ಬಿಡುತ್ತದೆ. ಇರುವ ಸತ್ಯಕ್ಕೆ ಸುಳ್ಳಿನ ಹೊದಿಕೆ ಯಾಕೆ? ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾಕ್ಕೆ ಕಾಲಿಡದಂತೆ ನಿಷೇಧ ಬೀಳಬಹುದು, ಅದು ಏಜೆಂಟಿಗಲ್ಲ, ನಮಗೆ.

ಐಎಂಎಂ 5532 ಎಂಬ ಫಾರ್ಮ್‌ನಲ್ಲಿ ಸಂಬಂಧದ ಪೂರ್ತಿ ಕಥೆ ಕೇಳುತ್ತಾರೆ. ಮೊದಲ ಸಲ ಎದುರಾಎದುರು ಭೇಟಿಯಾಗಿದ್ದು ಯಾವಾಗ, ಎಲ್ಲಿ? ನಾನು ಹೀಗೆ ಬರೆದೆ: ನನ್ನ ತೊಟ್ಟಿಲು ಕಾರ್ಯದ ದಿನ, ನಮ್ಮ ಮನೆಯಲ್ಲಿ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ಹೆಸರು ಕೂಗಿದ ಅತ್ತೆಯ ಸೊಂಟದ ಮೇಲೆ ಆಗ ಎರಡು ವರ್ಷದ ನನ್ನ ಗಂಡ ಕೂತಿದ್ದರಂತೆ. ಅದರ ಕೆಳಗೇ ಮದುವೆಯ ಮಾತು ಯಾವಾಗ ಬಂತು, ಯಾರು ತೆಗೆದರು, ನಾವಿಬ್ಬರು ಯಾವಾಗ ಒಪ್ಪಿದೆವು ಎಂದು ವರ್ಷ ತಿಂಗಳು ಹಾಕಿ ಬರೆದೆ. ಹಿರಿಯರು ನೋಡಿ ಮಾಡಿದ ಮದುವೆಗೆ ಕೆನಡಾದಲ್ಲಿ ಯಾವ ಅಡ್ಡಿಯೂ ಇಲ್ಲ. ಬರೀ ಪಿಆರ್‌ಗಾಗಿ ಆದ ಮದುವೆಯೋ ಎಂಬುದಷ್ಟೇ ಅವರ ಅನುಮಾನ. ‘ಮನೆಯವರು ಹೇಳಿದರು, ಮಾಡಿಕೊಂಡೆವು’ ಎಂಬ ಒಂದು ಸಾಲಿನಿಂದ ಆ ಅನುಮಾನ ಹೋಗುವುದಿಲ್ಲ.

ಫೋಟೋ ಗರಿಷ್ಠ 20. ಇಲ್ಲೇ ಎಲ್ಲರೂ ತಪ್ಪು ಮಾಡುತ್ತಾರೆ. ಸ್ಟುಡಿಯೋದವರು ಗುಲಾಬಿ ಹೂವಿನೊಳಗೆ ಇಬ್ಬರ ಮುಖ ಕೂರಿಸಿದ ಫೋಟೋ ಹಾಕಬೇಡಿ. ಸುರಗಿ ಸುತ್ತುವಾಗ ಎರಡೂ ಮನೆಯವರು ಕಾಣುವಂಥದ್ದು, ಅಕ್ಷತೆ ಬೀಳುವಾಗಿನದು, ಮದುವೆಯ ನಂತರ ನೀವು ರಜೆಗೆ ಬಂದಾಗ ಅಂಗಳದಲ್ಲಿ ಸುಮ್ನೆ ಕೂತು ರೊಟ್ಟಿ ಉಣ್ಣುವಾಗಿನದು, ಇಂಥವು ಬೇಕು. ಪ್ರತಿಯೊಂದರ ಕೆಳಗೆ ತಾರೀಖು, ಊರು, ಯಾರು ಯಾರು ಎಂದು ಬರೆಯಿರಿ. ವಾಟ್ಸಾಪ್ ಮಾತುಕತೆ ನಾಲ್ಕು ನೂರು ಪುಟ ಸುರಿಯಬೇಡಿ. ಬೇರೆ ಬೇರೆ ತಿಂಗಳಿನದು ಒಂದೊಂದು ತುಣುಕು ಸಾಕು. ‘ಉಂಡಿ?’, ‘ಹೂಂ, ನೀ?’ ಎಂಬುದನ್ನೂ ಅನುವಾದ ಮಾಡಿಸಬೇಕಾಗುತ್ತದೆ, ನೆನಪಿರಲಿ. ವಿಮಾನದ ಬೋರ್ಡಿಂಗ್ ಪಾಸ್, ಮನೆಗೆ ಕಳಿಸಿದ ಹಣದ ರಸೀದಿ, ವಿಮೆಯಲ್ಲಿ ನಾಮಿನಿ ಹೆಸರು, ಇವೆಲ್ಲಾ ಫೋಟೋಗಿಂತ ಜಾಸ್ತಿ ತೂಗುತ್ತವೆ ಎಂದು ನನ್ನ ಅಭಿಪ್ರಾಯ. ಹಾಂ, ಮದುವೆಯಾದದ್ದನ್ನು ಕೆನಡಾದ ತೆರಿಗೆ ಇಲಾಖೆ ಸಿಆರ್‌ಎಗೆ ತಿಳಿಸಿದ್ದೀರಾ? ಟ್ಯಾಕ್ಸ್‌ನಲ್ಲಿ ಇನ್ನೂ ಸಿಂಗಲ್ ಎಂದಿದ್ದು ಇಲ್ಲಿ ಹೆಂಡತಿ ಇದ್ದಾಳೆ ಎಂದರೆ ಎರಡು ಕಾಗದ ಒಂದಕ್ಕೊಂದು ಜಗಳವಾಡುತ್ತವೆ.

ಹೆಸರು ಮತ್ತು ಊರಿನ ಗೋಜಲು ನಮ್ಮ ಕಡೆಯವರ ಖಾಸಾ ಆಸ್ತಿ. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಯಾದಗಿರಿ ಜಿಲ್ಲೆ ಹುಟ್ಟಿದ್ದೇ 2009ರ ಡಿಸೆಂಬರ್ ಕೊನೆಗೆ. ಹಾಗಾಗಿ ಶಹಾಪುರದಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಗುಲ್ಬರ್ಗ ಜಿಲ್ಲೆ, ಆಧಾರ್‌ನಲ್ಲಿ ಯಾದಗಿರಿ. ದೆಹಲಿಯಲ್ಲೋ ಒಟ್ಟಾವಾದಲ್ಲೋ ಕೂತವರಿಗೆ ಇದು ಎರಡು ಊರಿನ ಥರ ಕಾಣುತ್ತದೆ. ಫಾರ್ಮ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ, ವ್ಯತ್ಯಾಸ ಯಾಕೆ ಎಂದು ಅರ್ಧ ಪುಟದ ಪತ್ರ ಬರೆದು ಸೇರಿಸಿ. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಇಲ್ಲದೆ ಬರೀ ಹೆಸರಿದ್ದರೆ, ಆ ಹೆಸರನ್ನೇ ಅಡ್ಡಹೆಸರಿನ ಜಾಗದಲ್ಲಿ ಹಾಕಿ, ಹೆಸರಿನ ಜಾಗ ಖಾಲಿ ಬಿಡಬೇಕು.

ಐಎಂಎಂ 5669 ಎಂಬ ಇನ್ನೊಂದು ಫಾರ್ಮ್‌ನಲ್ಲಿ ಎಲ್ಲಿ ಏನು ಮಾಡುತ್ತಿದ್ದಿರಿ ಎಂದು ಹತ್ತು ವರ್ಷದ ಲೆಕ್ಕ ಕೇಳುತ್ತಾರೆ, ಒಂದು ತಿಂಗಳೂ ಬಿಡುವಂತಿಲ್ಲ. ಇಲ್ಲಿ ನಾವು ಎಡವಿದೆವು. ನನ್ನವರು ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವವರೆಗೆ ಏಳು ತಿಂಗಳು ಮನೆಯಲ್ಲಿದ್ದರು. ಮಾವನ ಮಗಳ ಮುಂದೆಯೇ ನಾಚಿಕೆ, ಇನ್ನು ಸರ್ಕಾರದ ಮುಂದೆ ಹೇಳುವುದು ಹೇಗೆ ಎಂದು ಹಳೆಯ ಕೆಲಸವನ್ನೇ ಏಳು ತಿಂಗಳು ಎಳೆದು ತುಂಬಿದ್ದರು. ಕಂಪನಿಯ ರಿಲೀವಿಂಗ್ ಲೆಟರ್‌ನಲ್ಲಿ ಬೇರೆ ತಾರೀಖಿತ್ತು. ವಿವರಣೆ ಕೇಳಿ ಪತ್ರ ಬಂತು. ತಪ್ಪಾಯಿತು ಎಂದು ಬರೆದು ಸರಿಪಡಿಸಿದೆವು, ನಮ್ಮ ಪುಣ್ಯ, ಅಲ್ಲಿಗೇ ಮುಗಿಯಿತು. ಕೆಲಸ ಇರಲಿಲ್ಲ ಎಂದು ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಮನೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳು ಗೃಹಿಣಿ ಎಂದು ಬರೆಯಿರಿ, ಖಾಲಿ ಬಿಡಬೇಡಿ.

ಪೊಲೀಸ್ ಕ್ಲಿಯರೆನ್ಸ್ ಭಾರತದ್ದು ಪಾಸ್‌ಪೋರ್ಟ್ ಸೇವಾ ಮೂಲಕ ಸಿಗುತ್ತದೆ. ಕಳೆದ ಹತ್ತು ವರ್ಷದಲ್ಲಿ ಸೌದಿ, ದುಬೈಯಂಥ ಕಡೆ ಒಂದೇ ಸಮನೆ ಆರು ತಿಂಗಳು ಇದ್ದರೆ ಅಲ್ಲಿನದೂ ಬೇಕು. ಅದನ್ನು ತರಿಸುವ ಕೆಲಸ ಮೊದಲ ದಿನವೇ ಶುರು ಮಾಡಿ.

ದುಡ್ಡಿನ ಲೆಕ್ಕ: 2024ರ ಏಪ್ರಿಲ್ 30ರಿಂದ ಜಾರಿಯಾದ ದರದಲ್ಲಿ ಸ್ಪಾನ್ಸರ್ ಶುಲ್ಕ 85 ಡಾಲರ್, ಸಂಗಾತಿಯ ಅರ್ಜಿಗೆ 545, ಪಿಆರ್ ಹಕ್ಕಿನ ಶುಲ್ಕ 575 ಇತ್ತು. ಒಟ್ಟು 1205 ಕೆನಡಾ ಡಾಲರ್. ಬಯೋಮೆಟ್ರಿಕ್ಸ್‌ಗೆ (ಬೆರಳಚ್ಚು, ಫೋಟೋ ಕೊಡುವುದಕ್ಕೆ) ಬೇರೆ 85. ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನದ ದರ ನೋಡಿ ಕಟ್ಟಿ. ದುಡ್ಡು ಕೊಟ್ಟು ಸಹಾಯ ಪಡೆಯುವುದಾದರೆ ಕೆನಡಾದ ವಕೀಲರು ಅಥವಾ ಅಲ್ಲಿನ ಕಾಲೇಜ್ ಆಫ್ ಇಮಿಗ್ರೇಶನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟಂಟ್ಸ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ. ನನ್ನ ಏಜೆಂಟ್ ಎರಡರಲ್ಲೂ ಇರಲಿಲ್ಲ. ಕ್ವಿಬೆಕ್‌ನಲ್ಲಿ ಇರುವವರಿಗೆ ಪ್ರಾಂತ್ಯದ ಪ್ರತ್ಯೇಕ ಅರ್ಜಿಯೂ ಇದೆ, ಅದು ಬೇರೆಯೇ ಕಥೆ.

ಬಯೋಮೆಟ್ರಿಕ್ಸ್ ಪತ್ರ ಬಂದಾಗ ಬೆಂಗಳೂರಿಗೆ ಓಡಬೇಡಿ. ಹೈದರಾಬಾದ್‌ನಲ್ಲೂ ಕೆನಡಾ ವೀಸಾ ಕೇಂದ್ರ ಇದೆ, ಬೀದರ್‌ನಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿಗೆ ಮನೆ ಸೇರಬಹುದು. ನನ್ನವರು ಕಲಬುರಗಿಯಲ್ಲಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಹೋದರು. ಮೆಡಿಕಲ್ ಮಾಡಿಸುವ ಪ್ಯಾನೆಲ್ ವೈದ್ಯರೂ, ಅಂದರೆ ಕೆನಡಾದ ಪಟ್ಟಿಯಲ್ಲಿರುವ ವೈದ್ಯರೂ ಅಲ್ಲಿದ್ದಾರೆ. ಪಟ್ಟಿಯಲ್ಲಿ ಇಲ್ಲದ ಡಾಕ್ಟರ್ ಎಷ್ಟೇ ದೊಡ್ಡವರಾದರೂ ಅವರ ವರದಿ ನಡೆಯುವುದಿಲ್ಲ.

ಆಮೇಲೆ ಕಾಯುವುದು. ಸುಮಾರು ಒಂದು ವರ್ಷ ಎಂದಿಟ್ಟುಕೊಳ್ಳಿ, ಹೆಚ್ಚೂ ಆಗಬಹುದು. ಆ ಹೊತ್ತಿನಲ್ಲಿ ಸಂಗಾತಿ ವಿಸಿಟರ್ ವೀಸಾಕ್ಕೂ ಅರ್ಜಿ ಹಾಕಬಹುದು. ಪಿಆರ್ ಅರ್ಜಿ ಇದೆ ಎಂಬುದನ್ನು ಮುಚ್ಚಿಡಬೇಡಿ, ಈಗ ಬಂದು ಹೋಗುವುದು, ಮುಂದೆ ಬಂದು ನೆಲೆಸುವುದು, ಎರಡೂ ಉದ್ದೇಶ ಇರಬಹುದು ಎಂದು ಕಾನೂನೇ ಒಪ್ಪುತ್ತದೆ. ವೀಸಾ ಕೊಡಲೇಬೇಕು ಎಂದೇನಿಲ್ಲ. ಅಕಸ್ಮಾತ್ ಪಿಆರ್ ಅರ್ಜಿಯೇ ತಿರಸ್ಕಾರವಾದರೆ ಸ್ಪಾನ್ಸರ್ 30 ದಿನದೊಳಗೆ ಇಮಿಗ್ರೇಶನ್ ಅಪೀಲ್ ಡಿವಿಜನ್‌ಗೆ ಮೇಲ್ಮನವಿ ಹೋಗಬಹುದು.

ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಒಂದು ಮಾತು. ಸ್ಪಾನ್ಸರ್ ಮಾಡಿದವರು ಸಂಗಾತಿಗೆ ಪಿಆರ್ ಆದ ದಿನದಿಂದ ಮೂರು ವರ್ಷ ಊಟ, ಬಟ್ಟೆ, ಇರುವ ಜಾಗದ ಜವಾಬ್ದಾರಿ ಹೊತ್ತು ಸಹಿ ಹಾಕಿರುತ್ತಾರೆ. ವಿಚ್ಛೇದನವಾದರೂ ಆ ಸಹಿ ಅಳಿಸುವುದಿಲ್ಲ. ಎರಡು ವರ್ಷ ಒಟ್ಟಿಗೆ ಬಾಳದಿದ್ದರೆ ಪಿಆರ್ ಹೋಗುತ್ತದೆ ಎಂಬ ಷರತ್ತು 2012ರಲ್ಲಿ ಬಂದಿತ್ತು, 2017ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದಾರೆ. “ನನ್ನ ಮಾತು ಕೇಳದಿದ್ರೆ ವಾಪಸ್ ಕಳಿಸ್ತೀನಿ” ಎಂದು ಯಾವ ಗಂಡನಾದರೂ ಹೆದರಿಸಿದರೆ, ಅದು ಅವನ ಕೈಯಲ್ಲಿ ಇಲ್ಲ ಎಂದು ತಿಳಿದಿರಿ.

ಕೊನೆಗೆ ಒಪ್ಪಿಗೆ ಬಂದಾಗ ಕೊಡುವ ಕಾಗದದಲ್ಲಿ ಒಂದು ಕೊನೆಯ ತಾರೀಖು ಇರುತ್ತದೆ, ಅದರೊಳಗೆ ಕೆನಡಾದಲ್ಲಿ ಇಳಿಯಬೇಕು. ಇಳಿಯುವ ದಿನ ಎರಡು ಪಟ್ಟಿ ಕೈಯಲ್ಲಿರಲಿ: ಜೊತೆಗೆ ತಂದ ಸಾಮಾನು, ಮುಂದೆ ತರುವ ಸಾಮಾನು. ಮದುವೆಯ ಬಂಗಾರ ಇನ್ನೂ ಕಲಬುರಗಿಯ ಲಾಕರ್‌ನಲ್ಲೇ ಇದ್ದರೆ ಎರಡನೇ ಪಟ್ಟಿಯಲ್ಲಿ ಬರೆಸಿ, ಒಡವೆಗಳ ಫೋಟೋ ಇಟ್ಟುಕೊಳ್ಳಿ. ಈಗ ಬರೆಸಿದರೆ ಮುಂದೆ ತರುವಾಗ ಸುಂಕದ ತಕರಾರು ಇರುವುದಿಲ್ಲ. ನನ್ನವರ ಎರಡನೇ ಪಟ್ಟಿಯಲ್ಲಿ ಇದ್ದದ್ದು ಎರಡೇ: ಒಂದು ಉಂಗುರ, ಮತ್ತೆ ಅತ್ತೆ ಹಟ ಹಿಡಿದು ಬರೆಸಿದ ರೊಟ್ಟಿ ಹಂಚು.