ಐಟಿಐ ಸೇರಿದರೆ ಓದು ಮುಗಿಯಲ್ಲ: ಫಿಟ್ಟರ್ ಬೆಂಚಿನಿಂದ ಬಿಇ ತನಕ ಹೋಗುವ ದಾರಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲಿನ ಭಾನುವಾರಗಳಲ್ಲಿ ಊರಿಗೆ ಹೋದರೆ ನಮ್ಮ ಮನೆ ಜಗಲಿ ಖಾಲಿ ಇರುವುದಿಲ್ಲ. ಪಾಂಡವಪುರ ತಾಲ್ಲೂಕಿನ ಸಣ್ಣ ಹಳ್ಳಿ ನಮ್ಮದು. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು, ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದು ಕೂರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಐಟಿಐಗೆ ಹಾಕ್ಬುಟ್ರೆ ಓದು ಅಲ್ಲಿಗೇ ನಿಂತೋಯ್ತದಲ್ಲವ್ವಾ?"

ನಿಲ್ಲುವುದಿಲ್ಲ. ನಾನು 2012ರಲ್ಲಿ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ, ಯಂತ್ರದ ಬಿಡಿಭಾಗ ಜೋಡಿಸುವ ಫಿಟ್ಟರ್ ಟ್ರೇಡಿಗೆ ಸೇರಿದೆ. ಎರಡು ವರ್ಷ ಐಟಿಐ, ಒಂದು ವರ್ಷ ಅಪ್ರೆಂಟಿಸ್ (ಕೆಲಸದ ಜಾಗದಲ್ಲೇ ತರಬೇತಿ), ಆಮೇಲೆ ನೇರ ಎರಡನೇ ವರ್ಷಕ್ಕೆ ಡಿಪ್ಲೊಮಾ, ಅಲ್ಲಿಂದ ಮತ್ತೆ ನೇರ ಎರಡನೇ ವರ್ಷಕ್ಕೆ ಬಿಇ. 2020ರಲ್ಲಿ ಮೆಕ್ಯಾನಿಕಲ್ ಮುಗಿಯಿತು. ಈಗ ಮೈಸೂರಿನ ಕೂರ್ಗಳ್ಳಿ ಕಡೆ ಕಾರ್ಖಾನೆಯೊಂದರಲ್ಲಿ ಮೆಷಿನ್ ನಿರ್ವಹಣೆ ನೋಡಿಕೊಳ್ಳುತ್ತೇನೆ. ಪಿಯುಸಿ ಮಾಡಿ ಬಂದವರಿಗಿಂತ ಎರಡು ವರ್ಷ ತಡವಾಯಿತು, ಅಷ್ಟೆ. ಆದರೆ ನಡುವಿನಲ್ಲಿ ಯಾವ ಹಂತದಲ್ಲಿ ನಿಂತಿದ್ದರೂ ಕೈಯಲ್ಲೊಂದು ಕೆಲಸ ಇರುತ್ತಿತ್ತು. ಮನೆಯಲ್ಲಿ ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ.

ಮೊದಲು ಎಸ್ಸೆಸ್ಸೆಲ್ಸಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಹೋಯಿತು ಅಂತ ಮಗುವನ್ನು ಗದ್ದೆಗೋ ಗಾರೆ ಕೆಲಸಕ್ಕೋ ಕಳಿಸಬೇಡಿ. ಮುಂದಿನದರಲ್ಲಿ ಪಾಸಾದರೆ ವರ್ಷ ಉಳಿಯುತ್ತದೆ. ಅಂಕವನ್ನೂ ಹಗುರವಾಗಿ ನೋಡಬೇಡಿ. ಐಟಿಐ ಸೀಟು ಮೆರಿಟ್ ಮೇಲೆ ಸಿಗುತ್ತದೆ, ಮುಂದೆ ರೈಲ್ವೆ ಅಪ್ರೆಂಟಿಸ್ ಆಯ್ಕೆಯಲ್ಲೂ ಹತ್ತನೇ ತರಗತಿ ಅಂಕವನ್ನು ಐಟಿಐ ಅಂಕದ ಜೊತೆ ಸೇರಿಸಿ ನೋಡುತ್ತಾರೆ.

ಟ್ರೇಡ್ ಆರಿಸುವ ಮುಂಚೆ ದಯವಿಟ್ಟು ಒಂದು ದಿನ ಐಟಿಐಗೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಿದರು. ಅಂಥ ಕಡೆ ಸಿಎನ್‌ಸಿ, ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನ ಎಲ್ಲ ಬಂದಿದೆ. ನಿಮಗೆ ಹತ್ತಿರದ ಐಟಿಐ ಆ ಪಟ್ಟಿಯಲ್ಲಿದೆಯೇ, ಆ ಮೆಷಿನ್ ಮೇಲೆ ಮಕ್ಕಳು ಕೈ ಇಡುತ್ತಿದ್ದಾರೆಯೇ ಅಂತ ಅಲ್ಲಿ ಓದುತ್ತಿರುವ ಹುಡುಗರನ್ನೇ ಕೇಳಿ. ಅವರು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಎಚ್ಚರ. ಒಂದು ವರ್ಷದ ಟ್ರೇಡೂ ಇದೆ, ಎರಡು ವರ್ಷದ್ದೂ ಇದೆ. ಮುಂದೆ ಡಿಪ್ಲೊಮಾಗೆ ಹೋಗುವ ಆಸೆ ಇದ್ದರೆ ಎರಡು ವರ್ಷದ್ದನ್ನೇ ಹಿಡಿಯಿರಿ. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಲ್ಲವೂ ಎರಡು ವರ್ಷದವು. ವೆಲ್ಡರ್, ಕೋಪಾ (ಕಂಪ್ಯೂಟರ್ ಟ್ರೇಡ್) ಒಂದೇ ವರ್ಷ. ಬೇಗ ಮುಗಿಯುತ್ತದೆ ಅಂತ ಸೇರಿ ಆಮೇಲೆ ಪೇಚಾಡಿದವರನ್ನು ನೋಡಿದ್ದೇನೆ.

ಸೇರಿದ ಮೊದಲ ತಿಂಗಳುಗಳೇ ಕಷ್ಟ. ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ ಹುಡುಗಿ. ಮೊದಲ ಕೆಲಸ, ಅಂಗೈ ಉದ್ದದ ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ಫೈಲಿನಿಂದ ಉಜ್ಜಿ ನಾಲ್ಕೂ ಬದಿ ಮೂಲೆಮಟ್ಟ ಮಾಡುವುದು. ಬೆಳಿಗ್ಗೆಯಿಂದ ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಬೆಳಕಿಗೆ ಹಿಡಿದರೆ ಮಧ್ಯದಲ್ಲಿ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತಿತ್ತು. ಮೇಷ್ಟ್ರು ಮಾತೇ ಆಡದೆ ತುಂಡನ್ನು ವಾಪಸ್ ಕೊಡುತ್ತಿದ್ದರು. ಅಂಗೈಯಲ್ಲಿ ಬೊಬ್ಬೆ. ಹನ್ನೊಂದನೇ ದಿನ ಬೆಳಕು ಬರಲಿಲ್ಲ. ಐದು ವರ್ಷದ ನಂತರ ಬಿಇ ತರಗತಿಯಲ್ಲಿ ಲಂಬತೆ, ಸಮತಲತೆ, ಟಾಲರೆನ್ಸ್ ಅಂತ ಬೋರ್ಡಿನ ಮೇಲೆ ಬರೆದಾಗ ಉಳಿದವರು ಚಿತ್ರ ನೋಡಿ ಕಲಿತರು. ನನಗೆ ಆ ಕಿಟಕಿಯ ಬೆಳಕು ಕಣ್ಣಿಗೆ ಕಟ್ಟಿತ್ತು. ಹಾಗಾಗಿ ಮೂರನೇ ವಾರಕ್ಕೇ "ಬರೀ ಉಜ್ಜೋದೇ ಆಯ್ತು" ಅಂತ ಬಿಟ್ಟುಬರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಅದನ್ನು ಪೂರ್ತಿ ಉಜ್ಜು.

ಹಾಜರಾತಿ ಶೇ. 80 ಇರಲೇಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾಟಿ, ಕೊಯ್ಲು, ಹಬ್ಬ, ಮದುವೆ ಅಂತ ರಜಾ ಹಾಕಿಸುವ ಅಪ್ಪ-ಅಮ್ಮಂದಿರಿಗೂ ಈ ಮಾತು.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ತಿಂಗಳು ತಿಂಗಳು ಸ್ಟೈಪೆಂಡ್ ಸಿಗುತ್ತದೆ, ಮುಗಿಸಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಪ್ರಮಾಣಪತ್ರ. ಮೈಸೂರಿನ ರೈಲ್ವೆ ವರ್ಕ್‌ಶಾಪೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ, ಅದರ ಪ್ರಕಟಣೆ ಮೇಲೆ ಕಣ್ಣಿಟ್ಟಿರಿ.

ಈಗ ಡಿಪ್ಲೊಮಾ. ಎರಡು ವರ್ಷದ ಐಟಿಐ ಆದವರು ತಮ್ಮ ಟ್ರೇಡಿಗೆ ಹೊಂದುವ ಬ್ರಾಂಚಿನಲ್ಲಿ ನೇರ ಮೂರನೇ ಸೆಮಿಸ್ಟರ್‌ಗೆ ಸೇರಬಹುದು. ಪಿಯುಸಿ ಸೈನ್ಸ್ ಆದವರಿಗೂ ಈ ಬಾಗಿಲಿದೆ. ಇಲ್ಲೇ ನಮ್ಮ ಮಕ್ಕಳು ಎಡವುವುದು. ಮೊದಲ ವರ್ಷದ ಗಣಿತ ನಾವು ಓದಿಯೇ ಇರುವುದಿಲ್ಲ. ಎದುರಿಗೆ ಕೂತ ಹುಡುಗರು ಮ್ಯಾಟ್ರಿಕ್ಸ್, ಡಿಫರೆನ್ಸಿಯೇಶನ್ ಮಾಡುತ್ತಿದ್ದರೆ ನಮಗೆ ತ್ರಿಕೋನಮಿತಿಯೂ ಮರೆತಿರುತ್ತದೆ. ಅಪ್ರೆಂಟಿಸ್ ವರ್ಷದ ಸಂಜೆಗಳನ್ನು ನಾನು ಅದಕ್ಕೇ ಇಟ್ಟುಕೊಂಡೆ. ಸೀನಿಯರ್ ಒಬ್ಬಳ ಹಳೇ ಗಣಿತ ಪುಸ್ತಕ ತಂದು, ದಿನಕ್ಕೆ ಹತ್ತು ಲೆಕ್ಕ. ನೀವೂ ಸೇರುವ ಮುಂಚೆ ಮೂರು ತಿಂಗಳಾದರೂ ಹಾಗೆ ಮಾಡಿ. ಡಿಪ್ಲೊಮಾದಿಂದ ಬಿಇಗೆ ಹೋದಾಗಲೂ ವಿಟಿಯು (ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ) ಲ್ಯಾಟರಲ್ ಎಂಟ್ರಿಯವರಿಗೆ, ಅಂದರೆ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ, ಹೆಚ್ಚುವರಿ ಗಣಿತ ಇಟ್ಟಿತ್ತು. ನಾವು 'ಮ್ಯಾಟ್‌ಡಿಪ್' ಅನ್ನುತ್ತಿದ್ದೆವು. ಅದನ್ನು ಪಾಸಾಗದೆ ಡಿಗ್ರಿ ಕೈಗೆ ಬರುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿಯಿಂದಲೇ ನೇರ ಡಿಪ್ಲೊಮಾಗೆ ಹೋಗುವವರು ಪಾಲಿಟೆಕ್ನಿಕ್ ಒಂದನ್ನೇ ನೋಡಬೇಡಿ. ಮೈಸೂರು ಮೇಟಗಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು-ಉಪಕರಣ ತಯಾರಿಕೆ ಇದೆ. ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಮೈಸೂರಿನದೇ ಹೆಬ್ಬಾಳದಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ. ಇವೆರಡರ ಹೆಸರನ್ನೇ ಕೇಳದವರು ಮಂಡ್ಯದಲ್ಲಿ ಎಷ್ಟೋ ಜನ ಇದ್ದಾರೆ, ಅದೇ ನನಗೆ ಬೇಜಾರು.

ಡಿಪ್ಲೊಮಾ ಕೊನೆಯ ವರ್ಷದಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಬರೆಯಬೇಕು. ರ‍್ಯಾಂಕ್ ಮೇಲೆ ಬಿಇ ಮೂರನೇ ಸೆಮಿಸ್ಟರ್ ಸೀಟು. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ಕೊಡುವುದು) ಮಾಡುವಾಗ ಹೆದರಿ ಐದಾರು ಕಾಲೇಜು ಹಾಕಿ ಸುಮ್ಮನಾಗಬೇಡಿ. ಬೇಕಾದುದನ್ನು ಮೇಲೆ ಹಾಕಿ, ಉದ್ದದ ಪಟ್ಟಿ ಮಾಡಿ. 1946ರ ಎನ್‌ಐಇ ಮೈಸೂರಿನಲ್ಲಿದೆ, ಕೆ.ವಿ. ಶಂಕರಗೌಡರು ಕಟ್ಟಿದ 1962ರ ಪಿಇಎಸ್ ಮಂಡ್ಯದಲ್ಲಿದೆ, ಕೆ.ಆರ್. ಪೇಟೆಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಫೀಸು ಕಮ್ಮಿ ಬೇಕೆನ್ನುವವರು ಕೆ.ಆರ್. ಪೇಟೆಯನ್ನು ಬಿಡಬೇಡಿ.

ಕಾಗದಪತ್ರದ ವಿಷಯಕ್ಕೆ ಬಂದರೆ, ಇದನ್ನು ಅಡ್ಮಿಷನ್ ವಾರಕ್ಕೆ ಇಟ್ಟುಕೊಂಡವರು ಅಳುವುದನ್ನು ಕಣ್ಣಾರೆ ಕಂಡಿದ್ದೇನೆ. ಏಪ್ರಿಲ್‌ನಲ್ಲೇ ನಾಡಕಚೇರಿಗೆ ಹೋಗಿ. ಹಿಂದುಳಿದ ವರ್ಗಗಳಲ್ಲಿ ನಮ್ಮಂಥ 3ಎ, ಮತ್ತೆ 2ಎ, 2ಬಿ, 3ಬಿಯವರ ಜಾತಿ-ಆದಾಯ ಪ್ರಮಾಣಪತ್ರ ಐದು ವರ್ಷ ಮಾತ್ರ ನಡೆಯುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಎಲ್ಲ ಅರ್ಜಿಗೂ ಅದೇ ಬೇಕು. ಒಂದರಿಂದ ಹತ್ತರ ತನಕ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮವಾಗಿದ್ದರೆ ಅದರದ್ದೂ ಉಂಟು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಂಡು ಬಿಇಒ ಸಹಿ ಹಾಕಿಸಿಡಿ. ಎರಡು ಶಾಲೆ ಬದಲಾಯಿಸಿದ್ದರೆ ಎರಡೂ ಕಡೆಯದು ಬೇಕು.

ಹೆಸರು. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಆಧಾರನ್ನು ಮಾರ್ಕ್ಸ್ ಕಾರ್ಡಿಗೆ ತಕ್ಕ ಹಾಗೆ ತಿದ್ದಿಸಿ. ಇನಿಷಿಯಲ್ ಹಿಂದೆ ಇದೆಯೋ ಮುಂದೆ ಇದೆಯೋ ಅದನ್ನೂ ನೋಡಿ.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ಲೇ ಮುಖ್ಯ ಬಾಗಿಲು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಹಣ ಸಿಗುತ್ತದೆ. ನನ್ನ ತಮ್ಮನದು ಮಂಜೂರಾಗಿದೆ ಅಂತ ಪರದೆ ಮೇಲೆ ಬಂತು, ದುಡ್ಡು ಮಾತ್ರ ಬರಲಿಲ್ಲ. ನಾಲ್ಕು ತಿಂಗಳು ಅಲೆದ. ಕಡೆಗೆ ಗೊತ್ತಾದದ್ದು, ಅವನ ಆಧಾರ್ ಯಾವ ಬ್ಯಾಂಕ್ ಖಾತೆಗೂ ಎನ್‌ಪಿಸಿಐ ಮೂಲಕ ಜೋಡಣೆಯಾಗಿಯೇ ಇರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ 'ಲಿಂಕ್ ಆಗಿದೆ' ಅಂದಿದ್ದರು. ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಆಧಾರ್ ಕೊಡುವುದೇ ಬೇರೆ; ಸರ್ಕಾರದ ಹಣ ಇದೇ ಖಾತೆಗೆ ಬೀಳಲಿ ಅಂತ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮೂಲಕ ಮಾಡಿಸುವ ಸೀಡಿಂಗೇ ಬೇರೆ. ಅರ್ಜಿ ಹಾಕುವ ಮುಂಚೆ "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ?" ಅಂತ ಇದೇ ಪದ ಬಳಸಿ ಕೇಳಿ.

ಹೆಣ್ಣುಮಕ್ಕಳನ್ನು ಮೈಸೂರಿಗೆ ಕಳಿಸದಿರಲು ಬಸ್ ಚಾರ್ಜಿನ ನೆಪ ಈಗ ಉಳಿದಿಲ್ಲ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಬೀದಿಯ ಇಬ್ಬರು ದಿನಾ ಹೋಗಿ ಬರುತ್ತಿದ್ದಾರೆ. ಮುಂಜಾನೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಾರೆ, ಡ್ರಾಯಿಂಗ್ ಶೀಟಿನ ಕೊಳವೆ ಎದೆಗವಚಿಕೊಂಡು. ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ.

ಕೊನೆಯದಾಗಿ ಮೊಬೈಲ್ ನಂಬರ್. ಎಲ್ಲ ಅರ್ಜಿಗೂ ಒಂದೇ ನಂಬರ್ ಕೊಡಿ, ಸೈಬರ್ ಅಂಗಡಿಯವರದ್ದು ಕೊಡಬೇಡಿ. ಸೀಟು ಹಂಚಿಕೆಯಾದ ಮೇಲೆ ಒಪ್ಪಿಕೊಳ್ಳುವುದಕ್ಕೆ ಸಿಗುವುದು ಕೆಲವೇ ದಿನ, ಅದಕ್ಕೆ ಒಟಿಪಿ ಬೇಕು. ಹೋದ ವರ್ಷ ಒಬ್ಬ ಹುಡುಗನ ಸೀಟು ಬಂದ ದಿನ ಆ ಸಿಮ್ ಅವರಪ್ಪನ ಜೇಬಿನಲ್ಲಿ, ಅವರಪ್ಪ ಆಲೆಮನೆಯಲ್ಲಿ, ಫೋನು ಸ್ವಿಚ್ ಆಫ್. ಬೈಕಿನಲ್ಲಿ ಹೋಗಿ ಹಿಡಿದು ತಂದೆವು. ನೀವು ಅರ್ಜಿಗೆ ಕೊಟ್ಟ ಸಿಮ್‌ಗೆ ರೀಚಾರ್ಜ್ ಮಾಡಿಸಿ, ಅಡ್ಮಿಷನ್ ಮುಗಿಯುವ ತನಕ ಮಗುವಿನ ಕೈಯಲ್ಲೇ ಇರಲಿ.